ಕಾರ್ ಪಾಲಿಶ್ ಗೊತ್ತು, ದುಬೈಯಲ್ಲಿ ಬೋಟ್ ಕೆಲಸ ಕಲಿಯುವುದು ಹೇಗೆ?

ಬೆಂಗಳೂರಿನಲ್ಲಿ 4 ವರ್ಷ ಕಾರ್ ಡಿಟೇಲಿಂಗ್, ಅಂದರೆ ಕಾರನ್ನು ತೊಳೆದು ಪಾಲಿಶ್ ಮಾಡಿ ಹೊಸದರಂತೆ ಮಾಡುವ ಕೆಲಸ ಮಾಡಿದ್ದೀರಿ. ಬಫಿಂಗ್ ಮೆಷಿನ್ ಕೈಗೆ ಒಗ್ಗಿದೆ. ದುಬೈಗೆ ಬಂದು ಯಾಟ್ (ಶ್ರೀಮಂತರ ವಿಹಾರದ ಬೋಟ್) ತೊಳೆದು ಪಾಲಿಶ್ ಮಾಡುವ ಕೆಲಸ ಹಿಡಿಯಬೇಕು ಅಂತಿದ್ದೀರಿ. ಇದಕ್ಕೆ ಕೋರ್ಸ್ ಬೇಕಾ, ಕಾರಿನ ಅನುಭವ ಸಾಕಾ ಅಂತ ಕೇಳಿದ್ದೀರಿ. ನಾನು ಮಲ್ಪೆ ಕಡೆಯವನು. ದುಬೈ ಮರೀನಾದಲ್ಲಿ ಇದೇ ಕೆಲಸಕ್ಕೆ ಇಳಿದು 9 ವರ್ಷ ಆಯಿತು. ಕೋರ್ಸ್ ಮಾಡಿಲ್ಲ. ಕಾರಿನ ಅನುಭವ ಅರ್ಧ ಉಪಯೋಗಕ್ಕೆ ಬರುತ್ತದೆ, ಇನ್ನರ್ಧ ಕಾಲಿಗೆ ತೊಡರುತ್ತದೆ. ಆ ಇನ್ನರ್ಧದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ನಾನೂ ಉಡುಪಿಯಲ್ಲಿ 2 ವರ್ಷ ಕಾರ್ ವಾಶ್‌ನಲ್ಲಿದ್ದವನೇ. ಆ ಧೈರ್ಯದ ಮೇಲೆ ಇಲ್ಲಿಗೆ ಬಂದೆ. ಮೊದಲ ವಾರವೇ ಒಂದು 45 ಅಡಿ ಬೋಟಿನ ಮೇಲಂತಸ್ತು ಕ್ಲೀನ್ ಮಾಡಲು ಹೇಳಿದರು. ಗಾಳಿ ತಡೆಯಲು ಅಲ್ಲಿ ಸುತ್ತಲೂ ಗಾಜಿನ ಹಾಗೆ ಕಾಣುವ ದಪ್ಪ ಪ್ಲಾಸ್ಟಿಕ್ ಪರದೆ ಇರುತ್ತದೆ, ಜಿಪ್ ಹಾಕಿ ಕೂರಿಸಿರುತ್ತಾರೆ. ಅದರ ಮೇಲೆ ತೆಳ್ಳಗೆ ಧೂಳು ಕಂಡಿತು. ಕಾರಿನ ಗಾಜಿಗೆ ಮಾಡುವ ಹಾಗೆ ಒಂದೆರಡು ಸಲ ಸ್ಪ್ರೇ ಹೊಡೆದು ಮೈಕ್ರೋಫೈಬರ್ ಬಟ್ಟೆಯಲ್ಲಿ ಸುತ್ತಿ ಸುತ್ತಿ ಉಜ್ಜಿದೆ. ಆಗ ಚೆನ್ನಾಗಿಯೇ ಕಂಡಿತು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ನೋಡಿದರೆ ಪರದೆ ತುಂಬಾ ಜೇಡರ ಬಲೆಯ ಹಾಗೆ ಗೀರು! ನಾನು ಧೂಳು ಅಂದುಕೊಂಡಿದ್ದು ಉಪ್ಪು ಮತ್ತು ಮರಳು. ಉಪ್ಪುಕಾಗದ ಹಾಕಿ ತಿಕ್ಕಿದ್ದಕ್ಕೂ ಅದಕ್ಕೂ ವ್ಯತ್ಯಾಸ ಇರಲಿಲ್ಲ.

ನಮ್ಮ ಮೇಸ್ತ್ರಿ ಒಬ್ಬರು ವಯಸ್ಸಾದ ಫಿಲಿಪಿನೋ. ಬೈಯಲಿಲ್ಲ. ಗೀರಿನ ಮೇಲೆ ಒಂದು ಸಲ ಉಗುರು ಎಳೆದು ನೋಡಿದರು. ಆಮೇಲೆ ನೀರಿನ ಪೈಪು ತಂದು ನನ್ನ ಕೈಗೆ ಕೊಟ್ಟು, "ಭಾಯ್, ಫಸ್ಟ್ ವಾಟರ್" ಅಂದರು. ಅಷ್ಟೇ. ಪರದೆಯ ದುಡ್ಡು ಕಂಪನಿಯವರು 2 ತಿಂಗಳು ನನ್ನ ಸಂಬಳದಲ್ಲಿ ಹಿಡಿದರು. ಕಡಲ ಬದಿಯಲ್ಲಿ ಹುಟ್ಟಿದವನಿಗೆ ಉಪ್ಪಿನ ಬುದ್ಧಿ ಗೊತ್ತಿರಬೇಕಿತ್ತು, ಅಲ್ವಾ?

ಸಮುದ್ರದ 1 ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಇಲ್ಲಿನ ಕೊಲ್ಲಿಯಲ್ಲಿ ಬಿಸಿಲು ಜಾಸ್ತಿ, ಬಂದು ಸೇರುವ ಸಿಹಿನೀರು ಕಡಿಮೆ, ಹಾಗಾಗಿ 40 ಗ್ರಾಂ ದಾಟುತ್ತದೆ. ಬೋಟ್ ಓಡುವಾಗ ಎರಚಿದ ನೀರು ಒಣಗಿದರೆ ಹರಳು ಉಳಿಯುತ್ತದೆ. ಆ ಹರಳು ಗಾಳಿಯ ತೇವ ಎಳೆದುಕೊಂಡು ರಾತ್ರಿ ಮತ್ತೆ ಒದ್ದೆಯಾಗುತ್ತದೆ, ಹಗಲು ಮತ್ತೆ ಒಣಗುತ್ತದೆ. ಮೇಲಿಂದ ಮರುಭೂಮಿಯ ಧೂಳು. ಆದ್ದರಿಂದ ಬಟ್ಟೆ, ಬ್ರಶ್ ಯಾವುದೂ ಮುಟ್ಟಿಸುವ ಮೊದಲು ಸಿಹಿನೀರು ಬಿಡಬೇಕು. ಜೋರಾಗಿ ಬೇಡ, ಧಾರಾಳವಾಗಿ ಬೇಕು. ಮೇಲಿನ ತುದಿಯಿಂದ ಶುರು ಮಾಡಿ ಕೆಳಗೆ ಬರಬೇಕು. ರೇಲಿಂಗಿನ ಬುಡ, ಹಿಂಜ್, ಮುಚ್ಚಳದ ಸಂದು, ಇಲ್ಲೆಲ್ಲ ಉಪ್ಪು ಕೂತಿರುತ್ತದೆ. ಕಾರಿನವರು ಈ ಹಂತಕ್ಕೆ 5 ನಿಮಿಷ ಕೊಡುತ್ತಾರೆ. ನಾವು ಅರ್ಧ ಗಂಟೆ ಕೊಡುತ್ತೇವೆ.

ಆಮೇಲೆ ಬೋಟ್ ಸೋಪು, ಮೆತ್ತನೆ ಬ್ರಶ್. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಕೊಳೆಯ ಜೊತೆ ವ್ಯಾಕ್ಸೂ ಹೋಗುತ್ತದೆ. ಸೋಪು ಒಣಗಲು ಬಿಡಬೇಡಿ. ಕೊನೆಗೆ ಒರೆಸಿ ಒಣಗಿಸಿ, ಇಲ್ಲದಿದ್ದರೆ ನೀರಿನ ಚುಕ್ಕೆ ಕೂರುತ್ತದೆ. ಇದೆಲ್ಲ ನಿಮಗೆ ಗೊತ್ತಿರುವುದೇ.

ಈಗ ಪಾಲಿಶ್ ವಿಷಯ. ಫೈಬರ್ ಬೋಟಿನ ಮೇಲಿರುವ ಹೊಳಪಿನ ಪದರಕ್ಕೆ ಜೆಲ್‌ಕೋಟ್ ಅನ್ನುತ್ತಾರೆ. ಅದು ಪೇಂಟ್ ಅಲ್ಲ, ಬಣ್ಣ ಕಲಸಿದ ರೆಸಿನ್. ಅಚ್ಚಿಗೆ ಮೊದಲು ಅದನ್ನು ಹೊಡೆದು, ಅದರ ಬೆನ್ನಿಗೆ ಫೈಬರ್ ಮ್ಯಾಟ್ ಹಾಕಿರುತ್ತಾರೆ. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸುಮಾರು 40ರಿಂದ 50 ಮೈಕ್ರಾನ್ (1000 ಮೈಕ್ರಾನ್ ಅಂದರೆ 1 ಮಿಲಿಮೀಟರ್). ಜೆಲ್‌ಕೋಟ್ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್, ಅಂದರೆ ಹತ್ತು ಪಟ್ಟು. ತಿಕ್ಕಲು ಜಾಗ ಇದೆ ಅಂತ ಖುಷಿಪಡಬೇಡಿ. ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಬಿಸಿಲಿಗೆ ಮೇಲ್ಮೈ ಸತ್ತು ಸುಣ್ಣದ ಹಾಗಾಗುತ್ತದೆ. ನೀಲಿ, ಕಪ್ಪು ಬೋಟ್‌ಗಳಲ್ಲಿ ಬೇಗ ಗೊತ್ತಾಗುತ್ತದೆ. ಬೆರಳಿನಿಂದ ಒತ್ತಿ ಎಳೆದು ನೋಡಿ. ಬೆರಳ ತುದಿ ಬೆಳ್ಳಗಾದರೆ ಅದೇ. ಅಲ್ಲಿ ಸ್ವಲ್ಪ ನೀರು ಹಚ್ಚಿದರೆ ಹಳೇ ಬಣ್ಣ ಮತ್ತೆ ಮೇಲೆ ಬರುತ್ತದೆ, ಒಣಗಿದ ತಕ್ಷಣ ಮಾಯ. ನೀರು ಹಚ್ಚಿದಾಗ ಬಣ್ಣ ಬಂದರೆ ಪಾಲಿಶಿಗೆ ಬಗ್ಗುವ ಬೋಟ್ ಅಂತ ನನ್ನ ಲೆಕ್ಕ.

ಕಾರಿನ ಕೈಯವರು ಇಲ್ಲಿ ಫೋಮ್ ಪ್ಯಾಡು, ನಯವಾದ ಪಾಲಿಶ್ ಹಿಡಿದು ಇಡೀ ದಿನ ತಿರುಗಿಸುತ್ತಾರೆ. ಏನೂ ಆಗುವುದಿಲ್ಲ. ಕೆಟ್ಟಿರುವ ಜೆಲ್‌ಕೋಟಿಗೆ ಉಣ್ಣೆಯ ಪ್ಯಾಡು, ರೋಟರಿ ಮೆಷಿನ್, ಖಾರವಾದ ಕಾಂಪೌಂಡೇ (ಮೇಲ್ಪದರ ಕೆರೆಯುವ ಪೇಸ್ಟ್) ಬೇಕು. ತೀರಾ ಕೆಟ್ಟಿದ್ದರೆ ಮೊದಲು 1000, 1500 ನಂಬರಿನ ವಾಟರ್ ಪೇಪರ್, ಅಂದರೆ ನೀರು ಹಾಕಿ ತಿಕ್ಕುವ ನಯವಾದ ಉಪ್ಪುಕಾಗದ. ನಾನು 1200 ಆರ್‌ಪಿಎಂ ಆಸುಪಾಸಿನಲ್ಲಿ ಇಡುತ್ತೇನೆ. 2 ಅಡಿ ಚೌಕ ತೆಗೆದುಕೊಂಡು ಮುಗಿಸಿ ಮುಂದಕ್ಕೆ ಹೋಗುವುದು. ಮೆಷಿನ್ ಒಂದೇ ಕಡೆ ನಿಲ್ಲಬಾರದು. ಕಾರಿನ ತಗಡು ಬಿಸಿಯನ್ನು ಹರಡಿಕೊಳ್ಳುತ್ತದೆ, ಫೈಬರ್ ಹರಡುವುದಿಲ್ಲ, ಅಲ್ಲಲ್ಲೇ ಸುಡುತ್ತದೆ. ಮೂಲೆ, ಅಂಚಿನಲ್ಲಿ ಜೆಲ್‌ಕೋಟ್ ತೆಳು. ಅಲ್ಲಿ ಕೈಯಲ್ಲೇ ಮಾಡಿ. ಕಾಂಪೌಂಡ್ ಆದಮೇಲೆ ಫೋಮ್ ಪ್ಯಾಡಿನಲ್ಲಿ ಪಾಲಿಶ್, ಮೇಲೆ ವ್ಯಾಕ್ಸ್ ಅಥವಾ ಸೀಲಂಟ್. ವ್ಯಾಕ್ಸ್ ಬಿಟ್ಟರೆ ತೆರೆದ ರಂಧ್ರಕ್ಕೆ ಮತ್ತೆ ಕೊಳೆ ಹೋಗಿ ಕೂರುತ್ತದೆ, ಮಾಡಿದ ಕೆಲಸ ನೀರಲ್ಲಿ ಹೋಮ.

ಆದರೆ ಮೆಷಿನ್ ಎತ್ತುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: ಇದು ಜೆಲ್‌ಕೋಟಾ, ಪೇಂಟಾ? ದೊಡ್ಡ ಯಾಟ್‌ಗಳಿಗೆ ಎರಡು ಭಾಗ ಕಲಸಿ ಹೊಡೆಯುವ ಪಾಲಿಯುರಿಥೇನ್ ಪೇಂಟ್ ಇರುತ್ತದೆ. ಆಲ್‌ಗ್ರಿಪ್ ಟಾಪ್‌ಕೋಟ್ ತರದ ಪೇಂಟಿನಲ್ಲಿ ಹೊಳಪೆಲ್ಲ ಮೇಲಿನ ತೆಳು ಪೊರೆಯಲ್ಲೇ ಇದೆ. ಕಾಂಪೌಂಡ್ ಹಾಕಿದರೆ ಆ ದಿನ ಮಿಂಚುತ್ತದೆ, ಕೆಲವು ತಿಂಗಳಿಗೆ ಮಂಕಾಗುತ್ತದೆ. ಆಮೇಲೆ ಮತ್ತೆ ಪೇಂಟ್ ಹೊಡೆಯುವುದೊಂದೇ ದಾರಿ, ಅದರ ಬಿಲ್ಲು ನಾವು ಊಹಿಸುವಷ್ಟರದ್ದಲ್ಲ. ಕಣ್ಣಿನಿಂದ ನೋಡಿ ಹೇಳುವುದು ಹಳಬರಿಗೂ ಕಷ್ಟ. ಕ್ಯಾಪ್ಟನ್ ಹತ್ತಿರ ಕೇಳಿ. ಕೇಳಿದ್ದಕ್ಕೆ ಯಾರೂ ನಗುವುದಿಲ್ಲ. ಕೇಳುವ ಹುಡುಗನನ್ನೇ ಮತ್ತೆ ಕರೆಯುತ್ತಾರೆ.

ಒಂದು ಕಾರಿಗೆ ಹೊರಗಡೆ 3-4 ತರದ ಮೇಲ್ಮೈ. ಬೋಟಿಗೆ 10 ಇರುತ್ತದೆ, ಒಂದಕ್ಕೆ ಆಗುವುದು ಇನ್ನೊಂದಕ್ಕೆ ಆಗುವುದಿಲ್ಲ. ತೇಗದ ಹಲಗೆಯ ಡೆಕ್ ಇದ್ದರೆ ಗೆರೆಗೆ ಅಡ್ಡಲಾಗಿ, ಮೆತ್ತಗೆ ಉಜ್ಜಬೇಕು. ಗೆರೆಯ ಉದ್ದಕ್ಕೆ ಬ್ರಶ್ ಹಾಕಿದರೆ ಮೆದು ಮರ ಎದ್ದು ಬಂದು ಹಲಗೆ ಬಾಚಣಿಗೆಯ ಹಾಗಾಗುತ್ತದೆ. ಪ್ರೆಶರ್ ವಾಶರ್ ಅಂತೂ ಅದರ ಹತ್ತಿರ ತರಬೇಡಿ. ಸ್ಟೀಲ್ ರೇಲಿಂಗ್ ಉಪ್ಪುನೀರಿಗೆ ತಡೆಯುವ 316 ಗ್ರೇಡಿನದ್ದಾದರೂ ಕಂದು ಕಲೆ ಬರುತ್ತದೆ. ಅದಕ್ಕೆ ಪಾತ್ರೆ ಉಜ್ಜುವ ಸ್ಟೀಲ್ ನಾರು ಹಾಕಿದರೆ ಕಬ್ಬಿಣದ ಚೂರು ಉಳಿದು ಇನ್ನೂ ಜಾಸ್ತಿ ತುಕ್ಕು. ಅಕ್ರಿಲಿಕ್ ಕಿಟಕಿಗೆ, ಆ ಪ್ಲಾಸ್ಟಿಕ್ ಪರದೆಗೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬೇಡ. ಸೀಟಿನ ವಿನೈಲ್‌ಗೆ ಬಿಳಿ ಮ್ಯಾಜಿಕ್ ಸ್ಪಂಜು ಹಾಕಿದರೆ ಕಲೆ ಹೋಗುತ್ತದೆ, ಜೊತೆಗೆ ಮೇಲಿನ ಕೋಟಿಂಗೂ ಹೋಗುತ್ತದೆ, ಯಾಕೆಂದರೆ ಆ ಸ್ಪಂಜೇ ಒಂದು ನಯವಾದ ಉಪ್ಪುಕಾಗದ. ನೀರಿನ ಗೆರೆ ಹತ್ತಿರದ ಹಳದಿ ಕಲೆಗೆ ಆಕ್ಸಾಲಿಕ್ ಆಸಿಡ್ ಇರುವ ಕ್ಲೀನರ್ ಸಾಕು, ಹಚ್ಚಿ ಬಿಟ್ಟರೆ ತಾನೇ ತಿಳಿಯಾಗುತ್ತದೆ. ಟಾಯ್ಲೆಟ್ ಆಸಿಡ್ ತರಬೇಡಿ.

ಡೆಕ್ಕಿನಲ್ಲಿ ಕಾಲು ಜಾರದಂತೆ ಒರಟಾಗಿ ಮಾಡಿದ ಭಾಗಕ್ಕೆ ವ್ಯಾಕ್ಸ್ ಹಚ್ಚಬಾರದು. ಇದನ್ನು ಹೇಳಿದರೂ ನನ್ನ ಜೊತೆ ಬಂದ ಒಬ್ಬ ಹುಡುಗ ಹಚ್ಚಿದ್ದ, ಪಾಪ, ಮುತುವರ್ಜಿಯಿಂದ. ಮರುದಿನ ಬೆಳಿಗ್ಗೆ ಕ್ಯಾಪ್ಟನ್ ಚಹಾ ಲೋಟದ ಸಮೇತ ಜಾರಿ ಕೂತರು. ಈಗಲೂ ನಮ್ಮಲ್ಲಿ ಅವನ ಹೆಸರು "ವ್ಯಾಕ್ಸ್".

ಇನ್ನು ಜೀವದ ವಿಷಯ. ಬ್ಲೀಚು ಮತ್ತು ಆಸಿಡ್ ಕೂಡಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಬೋಟಿನ ಬಾತ್‌ರೂಮ್ ಅಂದರೆ ಒಂದು ಬೀರುವಿನಷ್ಟು ಜಾಗ, ಗಾಳಿ ಇಲ್ಲ, ಒಂದು ಉಸಿರು ಸಾಕು. ಎರಡೂ ಬಾಟಲಿ ಒಂದೇ ಬಕೆಟ್ಟಿನಲ್ಲಿ ಇಡುವ ಅಭ್ಯಾಸವೇ ಬೇಡ. ಎರಡನೆಯದು ಕರೆಂಟು. ಇಲ್ಲಿ 230 ವೋಲ್ಟ್, ಸುತ್ತ ಉಪ್ಪುನೀರು, ಕೈಯಲ್ಲಿ ಮೆಷಿನ್. ವಯರು ಹೆಗಲ ಮೇಲಿಂದ ಹಿಂದಕ್ಕೆ ಹೋಗಬೇಕು, ಜೋಡಣೆ ಯಾವತ್ತೂ ನೀರಿನ ಮೇಲೆ ನೇತಾಡಬಾರದು, ಲೀಕೇಜ್ ಆದರೆ ಟ್ರಿಪ್ ಆಗುವ ಬ್ರೇಕರ್ ಇಲ್ಲದ ಕಡೆ ಪ್ಲಗ್ ಹಾಕಲೇಬಾರದು. ಈಜು ಬರುವುದಿಲ್ಲವಾದರೆ ಬೆಂಗಳೂರಿನಲ್ಲೇ ಕಲಿತು ಬನ್ನಿ. ಬಿಸಿಲಿನ ಬಗ್ಗೆ ಹೇಳಬೇಕಾಗಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಇಲ್ಲಿ ಕಾನೂನಿದೆ. ಆ ಹೊತ್ತಿಗೆ ಕಾಂಪೌಂಡೂ ಹಚ್ಚಿದ ತಕ್ಷಣ ಒಣಗುತ್ತದೆ ಬಿಡಿ. ನಾವು ಬೆಳಗಿನ ಜಾವ ಶುರು ಮಾಡಿ, ನೆರಳು ಯಾವ ಬದಿಗಿದೆಯೋ ಆ ಬದಿ ಮಾಡುತ್ತೇವೆ.

ನೀರಿನ ಗೆರೆಯ ಕೆಳಗಿನ ಭಾಗ ಬೇರೆಯೇ ಕಸುಬು. ಅಲ್ಲಿ ಚಿಪ್ಪು, ಪಾಚಿ ಕೂರದಂತೆ ತಾಮ್ರ ಬೆರೆಸಿದ ಪೇಂಟ್ ಇರುತ್ತದೆ, ಅದರ ಪುಡಿ ವಿಷ. ನೀರಿಗಿಳಿದು ಕೆಲಸ ಮಾಡುವ ಮುಳುಗುಗಾರರು, ಬೋಟ್ ರಿಪೇರಿ ಯಾರ್ಡಿನವರು ಅದನ್ನು ನೋಡಿಕೊಳ್ಳುತ್ತಾರೆ. ನೀವು ಹೋಗಬೇಡಿ.

ದುಡ್ಡಿನ ಲೆಕ್ಕ ಇಲ್ಲಿ ಅಡಿ ಮೇಲೆ. 40 ಅಡಿ ಬೋಟ್ ಅಂದರೆ 20 ಅಡಿಯದ್ದರ ಎರಡು ಪಟ್ಟು ಕೆಲಸ ಅಂತ ಹೊಸಬರು ಒಪ್ಪಿಕೊಂಡು ಬಿಡುತ್ತಾರೆ. ಉದ್ದದ ಜೊತೆ ಅಗಲವೂ ಬೆಳೆಯುತ್ತದೆ, ಎತ್ತರವೂ ಬೆಳೆಯುತ್ತದೆ. ನಾಲ್ಕು ಪಟ್ಟು ಅಂತಲೇ ಇಟ್ಟುಕೊಳ್ಳಿ. ಅಡಿಗೆ ಇಷ್ಟು ಅಂತ ಹೇಳುವ ಮೊದಲು ಬೋಟ್ ನೋಡಿ, ಬೆರಳು ಎಳೆದು ನೋಡಿ.

ಕೆಲಸಕ್ಕೆ ಸೇರುವ ದಾರಿ: ಪಾಲಿಶ್ ಹುಡುಗ ಅಂತ ಬರಬೇಡಿ, ತೊಳೆಯುವ ಹುಡುಗ ಅಂತ ಬನ್ನಿ. 6 ತಿಂಗಳು ತೊಳೆದರೆ ಯಾವುದಕ್ಕೆ ಏನು ಅನ್ನುವುದು ಕೈಗೆ ಬರುತ್ತದೆ. ಯಾಟಿನ ಮೇಲೆಯೇ ಇದ್ದು ಪ್ರಯಾಣ ಮಾಡುವ ಕ್ರೂ ಆಗಬೇಕಾದರೆ ಎಸ್‌ಟಿಸಿಡಬ್ಲ್ಯೂ ಅನ್ನುವ, ಹಡಗಿನ ಸಿಬ್ಬಂದಿಯ ಅಂತರರಾಷ್ಟ್ರೀಯ ಸೇಫ್ಟಿ ಟ್ರೇನಿಂಗ್ ಕೇಳುತ್ತಾರೆ, ದಡದಲ್ಲಿ ನಿಂತು ತೊಳೆಯುವವರಿಗೆ ಬೇಡ. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಮಾಡುವುದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ನಿಮಗೇ ಕಷ್ಟ. ಏಜೆಂಟ್ ಮೂಲಕ ಬರುವುದಾದರೆ ಅವರು ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿಸಿದ್ದಾರಾ ನೋಡಿ. ನೋಂದಾಯಿತ ಏಜೆಂಟ್ ನಿಮ್ಮಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ನಾನು ಕೊಟ್ಟಿದ್ದು ಎಷ್ಟು ಅಂತ ಕೇಳಬೇಡಿ, ಅಮ್ಮನಿಗೆ ಇನ್ನೂ ಹೇಳಿಲ್ಲ.

ಬರುವ ಮೊದಲು ಊರಲ್ಲೇ ಕೈ ಪಳಗಿಸಬೇಕಾದರೆ ನಮ್ಮ ಮಲ್ಪೆಗೆ ಒಂದು ಸಲ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಕ್ಕೆಯಲ್ಲಿ, ದಡದಲ್ಲಿ ಇರುತ್ತವೆ, ರಿಪೇರಿ, ಪೇಂಟಿಂಗ್ ನಡೆಯುತ್ತಿರುತ್ತದೆ. ಫೈಬರ್ ಕೆಲಸದವರ ಹತ್ತಿರ ಎರಡು ದಿನ ನಿಂತರೆ ಜೆಲ್‌ಕೋಟ್ ಹೇಗೆ ಕೂರುತ್ತದೆ, ಹೇಗೆ ಏಳುತ್ತದೆ ಅಂತ ಕಣ್ಣಾರೆ ಕಾಣಬಹುದು. ಹಾಳಾದ ಸಣ್ಣ ಫೈಬರ್ ದೋಣಿಯೊಂದು ಎಲ್ಲೋ ತೆಂಗಿನ ಬುಡದಲ್ಲಿ ಕವುಚಿ ಬಿದ್ದಿರುತ್ತದೆ. "ಅಣ್ಣ, ಇದನ್ನು ಸ್ವಲ್ಪ ಉಜ್ಜಿ ನೋಡಲಾ?" ಅಂತ ಕೇಳಿ. ಹುಚ್ಚ ಅಂದುಕೊಂಡರೂ ಬೇಡ ಅನ್ನುವುದಿಲ್ಲ. ಒಂದೇ ತೊಂದರೆ ಅಂದರೆ ಆ 2 ತಿಂಗಳು ನಮ್ಮಲ್ಲಿ ಮಳೆ ಬಿಡುವುದಿಲ್ಲ, ಒದ್ದೆ ಮೈಗೆ ವ್ಯಾಕ್ಸ್ ಕೂರುವುದಿಲ್ಲ. ಒಂದು ದೊಡ್ಡ ಟಾರ್ಪಾಲ್ ತನ್ನಿ.