ಮನೆಯಲ್ಲಿ ತತ್ವಪದ ರೆಕಾರ್ಡ್ ಮಾಡುವಾಗ ದನಿ ಒಡೆಯುತ್ತದೆ, ತಪ್ಪು ಎಲ್ಲಿದೆ?

ಕಲಬುರಗಿಯ ಮನೆಯಲ್ಲಿ ಕಂಡೆನ್ಸರ್ ಮೈಕ್, ಆಡಿಯೊ ಇಂಟರ್‌ಫೇಸ್ (ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಕಳಿಸುವ ಪೆಟ್ಟಿಗೆ), ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೀರಿ. ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯುತ್ತದೆ, ಸಾಫ್ಟ್‌ವೇರ್‌ನಲ್ಲಿ ವಾಲ್ಯೂಮ್ ಇಳಿಸಿದರೂ ಹೋಗಲ್ಲ ಅಂದಿದ್ದೀರಿ. ಈ ಕೊನೆಯ ಮಾತಿನಲ್ಲೇ ಸುಳಿವಿದೆ.

ರೆಕಾರ್ಡ್ ಆದ ಅಲೆಯನ್ನು ದೊಡ್ಡದು ಮಾಡಿ ನೋಡಿ. ತುದಿಗಳು ಕತ್ತರಿಸಿದ ಹಾಗೆ ಚಪ್ಪಟೆಯಾಗಿದ್ದರೆ ದನಿ ಲ್ಯಾಪ್‌ಟಾಪ್ ಸೇರುವ ಮೊದಲೇ ಕೆಟ್ಟಿದೆ. ಆಮೇಲೆ ವಾಲ್ಯೂಮ್ ಇಳಿಸಿದರೆ ಒಡೆದ ದನಿಯೇ ಸಣ್ಣಗೆ ಕೇಳುತ್ತದೆ, ಅಷ್ಟೇ. ಇಂಟರ್‌ಫೇಸಿನಲ್ಲಿ ಗೇನ್, ಅಂದರೆ ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದನ್ನು ತಿರುಗಿಸುವ ಗುಂಡಿ ಇಳಿಸಿ. ಪದದ ಅತಿ ಜೋರಿನ ಸಾಲನ್ನು ನಿಜವಾಗಿ ಹಾಡುತ್ತಾ ಮೀಟರ್ ನೋಡಿ, ಸುಮ್ನೆ 'ಹಲೋ ಹಲೋ' ಅಂದರೆ ಸಾಲದು. ಮೀಟರ್ ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲಲಿ. ಸಾಫ್ಟ್‌ವೇರ್ ಸೆಟ್ಟಿಂಗ್‌ನಲ್ಲಿ 24 ಬಿಟ್ ಆರಿಸಿ ರೆಕಾರ್ಡ್ ಮಾಡಿದರೆ ಇದು ಕಡಿಮೆ ಏನಲ್ಲ, ಆಮೇಲೆ ಧಾರಾಳವಾಗಿ ಏರಿಸಬಹುದು. ಗೇನ್ ಪೂರ್ತಿ ಇಳಿಸಿದರೂ ಒಡೆದರೆ ಮೈಕಿನಿಂದ ಒಂದು ಗೇಣು ಹಿಂದೆ ಸರಿಯಿರಿ, ಪ್ಯಾಡ್ ಸ್ವಿಚ್ (ಬರುವ ಸಿಗ್ನಲ್ ತಗ್ಗಿಸುವ ಸ್ವಿಚ್) ಇದ್ದರೆ ಹಾಕಿ.

ಹಾರ್ಮೋನಿಯಂಗೆ ಬೇರೆ ಮಿಕ್ಸರ್ ಇದೆಯಾ? ಅದರ ಲೈನ್ ಔಟ್ (ಸಿಗ್ನಲ್ ಹೊರಬರುವ ಕಿಂಡಿ) ಅನ್ನು ಇಂಟರ್‌ಫೇಸಿನ ಮೈಕ್ ಇನ್‌ಪುಟ್‌ಗೆ ಚುಚ್ಚಬೇಡಿ. ಲೈನ್ ಸಿಗ್ನಲ್ ಮೈಕಿಗಿಂತ ತುಂಬಾ ಜಾಸ್ತಿ. ನಾನೂ ಒಮ್ಮೆ ಹೀಗೆ ಮಾಡಿ, ಪಾಪದ ಕೇಬಲನ್ನು ಎರಡು ದಿನ ಬೈದಿದ್ದೆ.

ಅಲೆ ಚಪ್ಪಟೆಯಾಗಿಲ್ಲ, ಆದರೆ ಮೆಲ್ಲಗೆ ಹಾಡಿದಾಗಲೂ ಚಟಚಟ ಬರುತ್ತದೆ ಅಂದರೆ ಅದು ಬೇರೆ ರೋಗ. ಲ್ಯಾಪ್‌ಟಾಪಿಗೆ ದನಿ ಸಂಭಾಳಿಸಲು ಸಮಯ ಸಾಲುತ್ತಿಲ್ಲ. ಸಾಫ್ಟ್‌ವೇರ್ ಸೆಟ್ಟಿಂಗ್‌ನಲ್ಲಿ ಬಫರ್ (ಆ ಸಮಯ ಕೊಡುವ ಅಂಕಿ) 64 ಇದ್ದರೆ 256 ಮಾಡಿ, ಬ್ರೌಸರ್ ಮುಚ್ಚಿ.

ಇನ್ನು ಏರ್ ಕೂಲರ್, ಅದರ ಸದ್ದೂ ರೆಕಾರ್ಡ್ ಆಗುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಅದನ್ನು ಆರಿಸಿ ಅನ್ನಲು ನನಗೇ ಮನಸ್ಸಿಲ್ಲ. ಬೆಳಗಿನ ಜಾವ ಹಾಡಿ.