ಓದುಗರ ಪ್ರಶ್ನೆಗೆ ಉತ್ತರ: ಮುನ್ನೂರು ಫೋಟೋಗಳು ಮತ್ತು ಮಣ್ಣಿನ ರೇಷ್ಮೆ ಹುಳು

ಪ್ರಶ್ನೆ: ಮಾನ್ಯರೆ, ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರ ಮನೆಯವಳು, ಪದವಿ ವಿದ್ಯಾರ್ಥಿನಿ. ನಂದಿ, ಆವಣಿ, ಕುರುಡುಮಲೆ ಮುಂತಾದ ಕಡೆ ಹೋದಾಗ ಮೊಬೈಲಿನಲ್ಲಿ ತೆಗೆದ ಸುಮಾರು 300 ಫೋಟೋಗಳು ನನ್ನಲ್ಲಿವೆ. ಹುಳು ಗೂಡು ಕಟ್ಟುವ ಕಥೆಯನ್ನು ಜೇಡಿಮಣ್ಣಿನ ಗೊಂಬೆಗಳಿಂದ 40 ಸೆಕೆಂಡುಗಳ ಅನಿಮೇಷನ್ ಆಗಿ ಮಾಡಿ, ಅದಕ್ಕೊಂದು ಸಿನಿಮಾ ಹಾಡು ಸೇರಿಸಿದ್ದೇನೆ. ಓಡಿಸಿದಾಗ ಚಿತ್ರ ಮಿಣುಕುತ್ತದೆ. ಇಂಟರ್ನೆಟ್ಟಿನಲ್ಲಿರುವ ಕಲಾಸಕ್ತರ ಬಳಗವೊಂದರಲ್ಲಿ ಇವನ್ನೆಲ್ಲ ಒಟ್ಟಿಗೆ ಹಂಚಿಕೊಳ್ಳಲೆ, ಅಥವಾ ಇನ್ನಷ್ಟು ಕಲಿತ ಮೇಲೆ ಹಾಕಲೆ?

ಉತ್ತರ: ಕಲಿಯುವವರೆಗೆ ಕಾಯಬೇಡಿ, ಈಗಲೇ ಹಂಚಿಕೊಳ್ಳಿ, ಆದರೆ ಎಲ್ಲವನ್ನೂ ಒಟ್ಟಿಗೆ ಹಾಕಬೇಡಿ. 300 ಫೋಟೋಗಳನ್ನು ಒಮ್ಮೆಗೇ ಮುಂದಿಟ್ಟರೆ ನೋಡುವವರು ಹತ್ತನೆಯದಕ್ಕೇ ನಿಲ್ಲಿಸುತ್ತಾರೆ, ಚೆನ್ನಾಗಿರುವುದು ಇನ್ನೂರನೆಯದಾಗಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಊರಿಗೆ ಎಂಟೋ ಹತ್ತೋ ಆರಿಸಿಕೊಂಡು, ಪ್ರತಿಯೊಂದರ ಕೆಳಗೆ ಅದು ಯಾವ ಜಾಗ, ಯಾವ ತಿಂಗಳು, ದಿನದ ಯಾವ ಹೊತ್ತು ಎಂದು ಎರಡು ಸಾಲು ಬರೆಯಿರಿ. ಆವಣಿಯಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಶಿವಾಲಯಗಳು ಒಂದೇ ಆವರಣದಲ್ಲಿವೆ. ನಂದಿ ಬೆಟ್ಟದ ಬುಡದ ಭೋಗನಂದೀಶ್ವರನ ದೇವಸ್ಥಾನದಲ್ಲಿ ಗಂಗರಿಂದ ವಿಜಯನಗರದವರೆಗೆ ಹಲವು ಕಾಲದ ಕೆಲಸ ಸೇರಿಕೊಂಡಿದೆ. ‘ಹಳೆಯ ದೇವಸ್ಥಾನ’ ಎಂದಷ್ಟೇ ಬರೆದರೆ ದೂರದ ಊರಿನವರಿಗೆ ಎಲ್ಲ ಕಂಬಗಳೂ ಒಂದೇ ಆಗಿ ಕಾಣುತ್ತವೆ. ‘ಮುಳಬಾಗಿಲು ತಾಲ್ಲೂಕಿನ ಆವಣಿ, ಲಕ್ಷ್ಮಣೇಶ್ವರನ ಗುಡಿಯ ಹೊರಗೋಡೆ, ಬೆಳಗಿನ ಎಳೆಬಿಸಿಲು’ ಎಂದು ಬರೆದರೆ ಆ ಕಲ್ಲಿನ ಮೇಲೆ ನಿಮ್ಮ ಕಣ್ಣು ನಿಂತದ್ದೇಕೆ ಎಂಬುದು ಅವರಿಗೂ ತಿಳಿಯುತ್ತದೆ.

ಫೋಟೋಗಳನ್ನು ವಾಟ್ಸ್ಆ್ಯಪ್ಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಗಾತ್ರ ಕುಗ್ಗಿ ವಿವರಗಳು ಅಳಿಯುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದಂತೆಯೇ ತಲುಪುತ್ತವೆ. ಬಣ್ಣ ತಿದ್ದುವುದಿದ್ದರೆ ಫೋಟೋದ ಒಂದು ನಕಲು ಮಾಡಿಕೊಂಡು ಅದರಲ್ಲಿ ತಿದ್ದಿ, ಮೂಲವನ್ನು ಮುಟ್ಟಬೇಡಿ. ಇನ್ನೊಂದು ಎಚ್ಚರಿಕೆಯೂ ಬೇಕು: ಮೊಬೈಲಿನ ಕ್ಯಾಮೆರಾದಲ್ಲಿ ಲೊಕೇಶನ್ ತೆರೆದಿದ್ದರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳು ಫೋಟೋದೊಳಗೇ ದಾಖಲಾಗಿರುತ್ತವೆ. ಬೆಟ್ಟದ ಫೋಟೋಗೆ ಅದರಿಂದ ತೊಂದರೆಯಿಲ್ಲ, ಆದರೆ ನಿಮ್ಮ ಮನೆಯಲ್ಲಿ, ಹುಳುಮನೆಯಲ್ಲಿ ತೆಗೆದವುಗಳಿಂದ ಆ ವಿವರವನ್ನು ಅಳಿಸಿಯೇ ಹಾಕಿ.

ಇನ್ನು ಅನಿಮೇಷನ್ನಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಇದೇ. ಸೆಕೆಂಡಿಗೆ 12 ಚಿತ್ರಗಳಂತೆ ಲೆಕ್ಕ ಹಿಡಿದರೂ 40 ಸೆಕೆಂಡುಗಳಿಗೆ 480 ಬಾರಿ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಫೋಟೋ ತೆಗೆಯಬೇಕಾಗುತ್ತದೆ. ಅಷ್ಟು ತಾಳ್ಮೆಯಿರುವವರಿಗೆ ಮಿಣುಕು ಹೋಗಲಾಡಿಸುವುದು ದೊಡ್ಡ ಕೆಲಸವಲ್ಲ. ಮೊಬೈಲು ಪ್ರತಿ ಸಲವೂ ಬೆಳಕನ್ನೂ ಬಣ್ಣವನ್ನೂ ತಾನೇ ಹೊಸದಾಗಿ ಅಳೆದುಕೊಳ್ಳುವುದು ಇದಕ್ಕೆ ಒಂದು ಕಾರಣ, ಕಿಟಕಿಯ ಬಿಸಿಲು ಮೋಡಕ್ಕೆ ತಕ್ಕಂತೆ ಬದಲಾಗುವುದು ಮತ್ತೊಂದು. ಕಿಟಕಿ ಮುಚ್ಚಿ ಒಂದೇ ದೀಪ ಇಟ್ಟುಕೊಳ್ಳಿ. ಎಕ್ಸ್‌ಪೋಷರ್ (ಬೆಳಕಿನ ಅಳತೆ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮೂರನ್ನೂ ಮೊದಲೇ ಲಾಕ್ ಮಾಡಿ. ಮೊಬೈಲನ್ನು ಸ್ಟ್ಯಾಂಡಿಗೆ ಬಿಗಿದು, ಪರದೆಯನ್ನು ಮುಟ್ಟದೆ ಟೈಮರಿನಿಂದ ಫೋಟೋ ತೆಗೆಯಿರಿ. ಬಿಳಿ ಬಟ್ಟೆ ತೊಟ್ಟು ಹತ್ತಿರ ನಿಂತರೂ ಅದರಿಂದ ಬೆಳಕು ಗೊಂಬೆಯ ಮೇಲೆ ಪ್ರತಿಫಲಿಸುತ್ತದೆ, ಆದ್ದರಿಂದ ಗಾಢ ಬಣ್ಣದ ಬಟ್ಟೆ ಒಳ್ಳೆಯದು.

ದಾದಾಸಾಹೇಬ್ ಫಾಲ್ಕೆಯವರು 1913ರಲ್ಲಿ ತಮ್ಮ ಮೊದಲ ಕಥಾಚಿತ್ರವನ್ನು ತೆರೆಗೆ ತರುವ ಮುನ್ನ ಬಟಾಣಿ ಗಿಡವೊಂದು ಬೆಳೆಯುವುದನ್ನು ಬಿಡಿ ಬಿಡಿ ಚಿತ್ರಗಳಲ್ಲಿ ಸೆರೆಹಿಡಿದು ತೋರಿಸಿದ್ದರು. ಅದೇ ದಾರಿಯಲ್ಲಿ ನಿಮ್ಮ ಮಣ್ಣಿನ ಹುಳುವಿನ ಪಕ್ಕಕ್ಕೆ ನಿಜವಾದ ಹುಳುವನ್ನೂ ತರಬಹುದೆಂದು ನನ್ನ ಸಲಹೆ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟೆಗೆ) ಬಿಟ್ಟ ಮೇಲೆ ಎರಡು ನಿಮಿಷಕ್ಕೊಂದರಂತೆ ಎರಡು ದಿನ ಫೋಟೋ ತೆಗೆದರೆ 1,440 ಚಿತ್ರಗಳಾಗುತ್ತವೆ. ಸೆಕೆಂಡಿಗೆ 12ರಂತೆ ಓಡಿಸಿದರೆ ಗೂಡು ಎರಡು ನಿಮಿಷಗಳಲ್ಲಿ ಕಟ್ಟಿಕೊಳ್ಳುತ್ತದೆ. ಮನೆಯ ಹಿರಿಯರನ್ನು ಕೇಳಿ, ಅವರು ಒಪ್ಪಿದ ಒಂದೇ ಚಂದ್ರಿಕೆಯ ಮೂಲೆಯಲ್ಲಿ ಇದನ್ನು ಮಾಡಿ. ಫ್ಲ್ಯಾಷ್ ಖಂಡಿತ ಬೇಡ. ಗೂಡು ಕಟ್ಟುವ ಹೊತ್ತಿಗೆ ಹುಳುಗಳಿಗೆ ಮಂದವಾದ, ಎಲ್ಲ ಕಡೆ ಸಮನಾದ ಬೆಳಕು ಬೇಕೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಸಿನಿಮಾ ಹಾಡನ್ನು ತೆಗೆದುಬಿಡಿ. ಅದರ ಹಕ್ಕು ಬೇರೆಯವರದು ಎಂಬುದು ಒಂದು ಕಾರಣವಾದರೆ, ಅದಕ್ಕಿಂತ ಒಳ್ಳೆಯ ಶಬ್ದ ನಿಮ್ಮ ಮನೆಯಲ್ಲೇ ಇದೆ ಎಂಬುದು ಇನ್ನೊಂದು. ನಾಲ್ಕನೆಯ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದ ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುವಾಗ ಮಳೆ ಹನಿಯುವಂತಹ ಸದ್ದು ಬರುತ್ತದಲ್ಲ, ರಾತ್ರಿ ಫ್ಯಾನು ನಿಲ್ಲಿಸಿ ಅದನ್ನು ಮೊಬೈಲಿನಲ್ಲಿ ಹಿಡಿಯಿರಿ. ಹಂಚಿಕೊಳ್ಳುವಾಗ ಗೊಂಬೆಯನ್ನು ಹೇಗೆ ಮಾಡಿದಿರಿ, ದೀಪ ಎಲ್ಲಿಟ್ಟಿರಿ, ಎಲ್ಲಿ ತಪ್ಪಿತು ಎಂಬುದನ್ನೂ ಬರೆಯಿರಿ. ಜ್ವರ, ಹಣ್ಣು ಹುಳು, ಚಂದ್ರಿಕೆ ಎಂಬ ಮಾತುಗಳನ್ನು ಹಾಗೆಯೇ ಉಳಿಸಿಕೊಂಡು ಅರ್ಥ ವಿವರಿಸಿ. ‘ಚೆನ್ನಾಗಿದೆ’ ಎಂಬ ಒಂದು ಮಾತು ನಿಮಗೆ ಸಾಲದಿದ್ದರೆ, ‘ಹುಳು ತಲೆಯಾಡಿಸುವುದು ಸಹಜವಾಗಿ ಕಾಣುತ್ತದೆಯೆ?’ ಎಂದು ನೀವೇ ಖಚಿತವಾಗಿ ಕೇಳಿ. ಅನುಭವಿಗಳು ಅಂಥ ಪ್ರಶ್ನೆಗೆ ಮನಸ್ಸಿಟ್ಟು ಉತ್ತರಿಸುತ್ತಾರೆ.

ಪ್ರಶ್ನೆ: ದೇವರಾಯನದುರ್ಗದ ಮಂಜಿನ ಮುಂಜಾವಿನಲ್ಲಿ ನಾನು ತೆಗೆದು ಹಂಚಿಕೊಂಡಿದ್ದ ಫೋಟೋವನ್ನು ವ್ಯಾಪಾರಿಯೊಬ್ಬರು ನನ್ನನ್ನು ಕೇಳದೆ, ಹೆಸರನ್ನೂ ಹಾಕದೆ ತಮ್ಮ ಕ್ಯಾಲೆಂಡರಿನಲ್ಲಿ ಮುದ್ರಿಸಿದ್ದಾರೆ. ಫೋಟೋವನ್ನು ನಾನು ಎಲ್ಲಿಯೂ ನೋಂದಾಯಿಸಿಲ್ಲ. ಕೇಳುವ ಹಕ್ಕು ನನಗಿದೆಯೆ? — ತುಮಕೂರಿನ ಓದುಗರು

ಉತ್ತರ: ಖಂಡಿತ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನಿಮ್ಮ ಆಸಕ್ತಿಯಿಂದ ನೀವೇ ತೆಗೆದ ಫೋಟೋದ ಹಕ್ಕು ತೆಗೆದ ಕ್ಷಣದಿಂದಲೇ ನಿಮ್ಮದು, ಅದಕ್ಕೆ ನೋಂದಣಿ ಕಡ್ಡಾಯವಲ್ಲ. 2012ರ ತಿದ್ದುಪಡಿಯ ನಂತರ ಆ ಹಕ್ಕು ಛಾಯಾಗ್ರಾಹಕರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷಗಳವರೆಗೆ ಉಳಿಯುತ್ತದೆ. ಮೂಲ ಕಡತವನ್ನು ಜೋಪಾನವಾಗಿಡಿ. ತೆಗೆದ ದಿನ, ವೇಳೆ ಅದರಲ್ಲೇ ದಾಖಲಾಗಿರುವುದರಿಂದ ಅದೇ ನಿಮ್ಮ ಮೊದಲ ಸಾಕ್ಷ್ಯ. ಮೊದಲು ಸೌಜನ್ಯದ ಪತ್ರವೊಂದನ್ನು ಬರೆದು, ಹೆಸರು ಹಾಕಬೇಕೆಂದೂ ಸೂಕ್ತ ಸಂಭಾವನೆ ಕೊಡಬೇಕೆಂದೂ ಕೇಳಿ; ಒಪ್ಪದಿದ್ದರೆ ವಕೀಲರ ಮೂಲಕ ನೋಟಿಸು ಕೊಡಿಸಬಹುದು.

ಇದರಿಂದ ಬೇಸತ್ತು ಹಂಚಿಕೊಳ್ಳುವುದನ್ನೇ ನಿಲ್ಲಿಸಬೇಡಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಕ್ರಿಯೇಟಿವ್ ಕಾಮನ್ಸ್ ಎಂಬ ಸಿದ್ಧ ಪರವಾನಗಿಗಳಿವೆ. ಹೆಸರು ಹಾಕಿ ಬಳಸಿ ಎನ್ನುವುದು ಒಂದು ಬಗೆ, ಹೆಸರು ಹಾಕಬೇಕು ಮತ್ತು ವ್ಯಾಪಾರಕ್ಕೆ ಬಳಸಬಾರದು ಎನ್ನುವುದು ಇನ್ನೊಂದು ಬಗೆ. ಕನ್ನಡ ವಿಕಿಪೀಡಿಯದ ಲೇಖನಗಳಿಗೆ ನಿಮ್ಮ ಚಿತ್ರ ಸಿಗಲೆಂದು, ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕುವುದಾದರೆ ಮೊದಲ ಬಗೆಯನ್ನೇ ಆರಿಸಬೇಕು, ಏಕೆಂದರೆ ವ್ಯಾಪಾರದ ಬಳಕೆಯನ್ನು ತಡೆಯುವ ಪರವಾನಗಿಯನ್ನು ಅಲ್ಲಿ ಸ್ವೀಕರಿಸುವುದಿಲ್ಲ. ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂದಕ್ಕೆ ಪಡೆಯಲಾಗದು. ಹಾಗಾಗಿ ಕ್ಯಾಲೆಂಡರಿಗೆ ಮಾರಬಹುದೆನಿಸುವ ಚಿತ್ರಗಳನ್ನು ಮೊದಲು ಪಕ್ಕಕ್ಕೆ ತೆಗೆದಿಟ್ಟುಕೊಂಡು, ಉಳಿದವನ್ನು ಅಲ್ಲಿಗೆ ಕೊಡಿ.