40 ಚೀಲದಿಂದ 200ಕ್ಕೆ ಹೋಗುವ ಮುಂಚೆ

ಒಂದು ಶಾಲೆಯ 40 ಮಕ್ಕಳಿಗೆ ಪ್ರತಿ ಶುಕ್ರವಾರ ವಾರಾಂತ್ಯದ ಆಹಾರದ ಚೀಲ ಕೊಡ್ತಿದ್ದೀರಿ. ಈಗ ಇನ್ನೂ ಮೂರು ಶಾಲೆಯವರು ಕೇಳ್ತಿದ್ದಾರೆ, ಒಟ್ಟು 200 ಆಗುತ್ತೆ, ಎಲ್ಲರಿಗೂ ಈಗಲೇ ಹೂಂ ಅನ್ನಬಹುದಾ ಅಂತ ಕೇಳಿದ್ದೀರಿ. ಬೇಡ, ಒಂದೊಂದೇ ಶಾಲೆ ಸೇರಿಸಿ. ದುಡ್ಡು ಮುಗಿಯೋದಕ್ಕೆ ಮೊದಲೇ ಇಂಥ ಕೆಲಸ ಜಾಗ, ಎಣಿಕೆ, ಸಾಗಣೆಯಲ್ಲಿ ಮುಗ್ಗರಿಸುತ್ತೆ. ಮೂರು ವಾರ ಕೊಟ್ಟು ನಾಲ್ಕನೇ ವಾರ ಕೈ ಎತ್ತೋದು ಶುರು ಮಾಡದೇ ಇರೋದಕ್ಕಿಂತ ಕೆಟ್ಟದ್ದು. ಚೀಲ ಬಂದೇ ಬರುತ್ತೆ ಅಂತ ಮನೆಯವರು ಇದ್ದ ದುಡ್ಡನ್ನು ಬೇರೆ ಖರ್ಚಿಗೆ ಹಾಕಿಬಿಟ್ಟಿರ್ತಾರೆ.

ವರ್ಷಕ್ಕೆ 36 ವಾರ ಶಾಲೆ ಅಂತ ಹಿಡಿಯಿರಿ. 40 ಮಕ್ಕಳಿಗೆ 1,440 ಚೀಲ, 200 ಮಕ್ಕಳಿಗೆ 7,200. ಚೀಲಕ್ಕೆ 2 ಕಿಲೊ ಅಂದರೆ ವಾರಕ್ಕೆ 400 ಕಿಲೊ, ನಾಲ್ಕು ವಾರದ ದಾಸ್ತಾನು 1,600 ಕಿಲೊ. ಇದು ಯಾರದೋ ಮನೆಯ ಖಾಲಿ ಕೋಣೆಯಲ್ಲಿ ನಡೆಯುವ ಮಾತಲ್ಲ. ನೆಲಮಹಡಿಯ ಒಣ ಜಾಗ ಬೇಕು, ಬಾಗಿಲ ತನಕ ಗಾಡಿ ಬರಬೇಕು. ಪೆಟ್ಟಿಗೆಗಳನ್ನು ನೆಲದಿಂದ 15 ಸೆಂ.ಮೀ. ಎತ್ತರದ ಹಲಗೆ ಮೇಲೆ, ಗೋಡೆಗೆ ತಾಗದಂತೆ ಇಡಿ. ಸುಂಡಿಲಿಗೆ 6 ಮಿ.ಮೀ. ಸಂದು ಸಾಕು, ಮೊದಲು ಬಾಗಿಲ ಅಡಿ ನೋಡಿ. ಹೊಸ ಮಗುವನ್ನು ಸೇರಿಸುವ ಮುಂಚೆ ಶಾಲೆಯ ಆ ಅವಧಿಯಲ್ಲಿ (ಟರ್ಮ್‌ನಲ್ಲಿ) ಉಳಿದಿರುವ ಅಷ್ಟೂ ವಾರದ ದುಡ್ಡು ಖಾತೆಯಲ್ಲಿ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಬರುತ್ತೆ ಅಂತ ಹೇಳಿರುವ ದೇಣಿಗೆ ಲೆಕ್ಕಕ್ಕೆ ಬೇಡ.

ಇನ್ನು ಚೀಲದೊಳಗೆ ಏನಿರಬೇಕು ಅನ್ನೋದು. ಶುಕ್ರವಾರ ಮಧ್ಯಾಹ್ನದ ಊಟದಿಂದ ಸೋಮವಾರ ಶಾಲೆಯಲ್ಲಿ ತಿನ್ನುವ ತನಕ ಎಂಟು ಹೊತ್ತು. ಅಷ್ಟನ್ನೂ 2 ಕಿಲೊದಲ್ಲಿ ತುಂಬೋಕೆ ಆಗಲ್ಲ, ಹಾಗಂತ ತೂಕ ಏರಿಸೋ ಹಾಗೂ ಇಲ್ಲ. 20 ಕಿಲೊ ತೂಗುವ ಮಗು ಪುಸ್ತಕದ ಜೊತೆ ಇದನ್ನೂ ಹೊರಬೇಕಲ್ಲ. ಚಿಕ್ಕ ತರಗತಿಯವರಿಗೆ ಒಂದೂವರೆ ಕಿಲೊಗೆ ನಿಲ್ಲಿಸಿದರೂ ಸರಿಯೇ. ಧಾನ್ಯ, ಬೇಳೆ ಥರದ ಒಣ ಪದಾರ್ಥ 100 ಗ್ರಾಂಗೆ ಸುಮಾರು 350 ಕ್ಯಾಲೊರಿ ಕೊಡುತ್ತೆ. ನೀರಲ್ಲಿ ಬೇಯಿಸಿ ಡಬ್ಬಿ ಮಾಡಿದ ಕಾಳು 100ರ ಆಸುಪಾಸು, ತರಕಾರಿಯಾದರೆ ಅದಕ್ಕಿಂತ ಕಡಿಮೆ. ಹಾಗಾಗಿ ಡಬ್ಬಿಗಳಿಂದಲೇ ತುಂಬಿದ ಚೀಲ ಭಾರ ಜಾಸ್ತಿ, ಹೊಟ್ಟೆಗೆ ಕಮ್ಮಿ. ಆದರೆ ಒಣ ಬೇಳೆಗೆ ಒಲೆ ಬೇಕು, ಬೇಯಿಸೋಕೆ ದೊಡ್ಡವರು ಬೇಕು. ಅದಕ್ಕೇ ಕನಿಷ್ಠ ನಾಲ್ಕು ಹೊತ್ತಿನದು ಒಲೆ ಇಲ್ಲದೆ ತಿನ್ನುವಂಥದ್ದು ಇರಲಿ. ಡಬ್ಬಿಯಾದರೆ ಉಂಗುರ ಎಳೆದು ತೆರೆಯುವಂಥದ್ದು, ಹಾಲಾದರೆ ಫ್ರಿಜ್ ಬೇಡದ ಸಣ್ಣ ಪೊಟ್ಟಣ. ಗಾಜಿನ ಬಾಟಲಿ ಬೇಡವೇ ಬೇಡ. ಜೇನುತುಪ್ಪವನ್ನೂ ಬಿಡಿ: ಮನೆಯಲ್ಲಿ ವರ್ಷ ತುಂಬದ ಕೂಸಿದ್ದರೆ ಅದರ ಬಾಯಿಗೂ ಹೋಗುತ್ತೆ, ಆ ವಯಸ್ಸಿಗೆ ಅದು ಅಪಾಯ.

ದಾನವಾಗಿ ಬಂದ ಸಾಮಾನಿನ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳ್ತೀನಿ. 40 ಚೀಲ ಇದ್ದಾಗ ಅದು ನಡೆಯುತ್ತೆ. 200 ಆದಾಗ ಇದು 17, ಅದು 9, ಇನ್ನೊಂದು 31 ಅಂತ ಬಂದರೆ ಬೇರ್ಪಡಿಸೋಕೇ ಒಂದು ದಿನ ಹೋಗುತ್ತೆ, ಒಂದೊಂದು ಚೀಲವೂ ಒಂದೊಂದು ಥರ ಆಗುತ್ತೆ. ಮುಖ್ಯ ಪದಾರ್ಥಗಳನ್ನು ದುಡ್ಡು ಕೊಟ್ಟು ಸಗಟಿನಲ್ಲೇ ತನ್ನಿ. ದಾನಿಗಳಿಗೂ ನಗದು ಕೊಡಿ ಅಂತ ನೇರವಾಗಿ ಹೇಳಿ. ಬಂದ ಡಬ್ಬಿ ಉಬ್ಬಿದ್ದರೆ ತೆರೆದು ನೋಡೋಕೂ ಹೋಗದೆ ಎಸೆಯಿರಿ. ಡಬ್ಬಿಯ ಅಂಚಿನ ಜೋಡಣೆಯ ಮೇಲೆ ತಗ್ಗು ಬಿದ್ದಿದ್ದರೂ ಅಷ್ಟೇ. ಪೆಟ್ಟಿಗೆಯ ಮೇಲೆ ಅವಧಿ ಮುಗಿಯುವ ತಾರೀಖನ್ನು ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದು, ಬೇಗ ಮುಗಿಯೋದನ್ನು ಮುಂದಿಡಿ.

ಅತಿ ಹೆಚ್ಚು ತಪ್ಪು ಆಗೋದು ತುಂಬುವಾಗ. ಉದ್ದ ಮೇಜು ಹಾಕಿ, ಒಬ್ಬೊಬ್ಬರಿಗೆ ಒಂದೇ ಪದಾರ್ಥ ಕೊಟ್ಟು, ಚೀಲವನ್ನು ಮೇಜಿನುದ್ದಕ್ಕೂ ಸಾಗಿಸಿ. ಆದರೆ 200ರ ಸಾಮಾನನ್ನು ಒಟ್ಟಿಗೆ ಮೇಜಿಗೆ ತರಬೇಡಿ. ಪ್ರತಿಯೊಂದನ್ನೂ ಎಣಿಸಿ 20 ಮಾತ್ರ ಇಡಿ. 20 ಚೀಲ ಮುಗಿದ ಮೇಲೆ ಒಂದು ಬಿಸ್ಕತ್ತಿನ ಪೊಟ್ಟಣ ಉಳಿದರೆ ತಪ್ಪು ಆ 20ರಲ್ಲೇ ಇದೆ, ಎರಡು ನಿಮಿಷದಲ್ಲಿ ಸಿಗುತ್ತೆ. 200 ಆದ ಮೇಲೆ ಉಳಿದರೆ ಯಾವ ಚೀಲ ಅಂತ ಹುಡುಕ್ತೀರಿ? ತೂಕ ಹಾಕಿ ಹಿಡೀತೀವಿ ಅಂತ ಕೆಲವರು ಹೇಳ್ತಾರೆ. ಹಿಡಿಯಬಹುದು, ಒಂದು ಷರತ್ತಿದೆ: ಸರಿಯಾಗಿ ತುಂಬಿದ ಹತ್ತು ಚೀಲ ತೂಗಿ, ಅತಿ ಭಾರದ್ದಕ್ಕೂ ಅತಿ ಹಗುರದ್ದಕ್ಕೂ ಇರುವ ವ್ಯತ್ಯಾಸ ನೋಡಿ. ಅದು 60 ಗ್ರಾಂ ಇದ್ದು ನಿಮ್ಮ ಅತಿ ಹಗುರ ಪೊಟ್ಟಣ 40 ಗ್ರಾಂ ಇದ್ದರೆ, ಆ ಪೊಟ್ಟಣ ಬಿಟ್ಟುಹೋದದ್ದು ತಕ್ಕಡಿಗೆ ಗೊತ್ತೇ ಆಗಲ್ಲ.

ಅಲರ್ಜಿ ಇರುವವರ ಚೀಲಗಳನ್ನು ಮೇಜು ಒರೆಸಿ, ಎಲ್ಲಕ್ಕಿಂತ ಮೊದಲು ತುಂಬಿ. ಕಡಲೆಕಾಯಿ, ಬಾದಾಮಿಯಂಥ ಬೀಜಗಳು, ಹಾಲು, ಮೊಟ್ಟೆ, ಮೀನು, ಸೀಗಡಿ, ಸೋಯಾ, ಗೋಧಿ ಇವಿಷ್ಟನ್ನೂ ಮನೆಯವರಿಂದ ಪಡೆಯುವ ಒಪ್ಪಿಗೆ ಪತ್ರದಲ್ಲಿ ಕೇಳಿರಬೇಕು. ಮಗು ಗೈರಾಗಿ ಉಳಿದ ಚೀಲವನ್ನು ಪಕ್ಕದ ಮಗುವಿಗೆ ಕೊಡೋದು ಬೇಡ, ವಾಪಸ್ ಬರಲಿ.

ಹೆಸರುಗಳು ಶಾಲೆಯಲ್ಲೇ ಇರಲಿ. ನಿಮ್ಮ ಕೈಗೆ ಸಂಖ್ಯೆ, ಅಲರ್ಜಿಯ ಗುರುತು, ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಅನ್ನೋದು ಬಂದರೆ ಸಾಕು. ಕೊನೆಯದನ್ನು ಕೇಳಲೇಬೇಕು, ಒಬ್ಬರ ಚೀಲ ಮನೆಗೆ ಹೋದ ಮೇಲೆ ನಾಲ್ವರ ಪಾಲಾಗುತ್ತೆ. ಯಾರಿಗೆ ಕೊಡಬೇಕು ಅನ್ನೋದನ್ನು ಶಿಕ್ಷಕರು ಗುರುತಿಸ್ತಾರೆ: ಸೋಮವಾರ ಗಬಗಬ ತಿನ್ನೋದು, ಶುಕ್ರವಾರ ಮಿಕ್ಕಿದ್ದನ್ನು ಜೇಬಿಗೆ ಹಾಕಿಕೊಳ್ಳೋದು. ಅಮೆರಿಕದ ಅರ್ಕಾನ್ಸಾಸ್‌ನಲ್ಲಿ 1990ರ ದಶಕದಲ್ಲಿ ಇಂಥ ಚೀಲ ಶುರುವಾದದ್ದು ಶಾಲೆಯ ನರ್ಸ್ ಒಬ್ಬರಿಂದ. ಹೊಟ್ಟೆನೋವು, ತಲೆಸುತ್ತು ಅಂತ ಬಂದ ಮಕ್ಕಳಿಗೆ ಇದ್ದದ್ದು ಹಸಿವು ಅಂತ ಅವರು ಗುರುತಿಸಿದರು. ಚೀಲದ ಮೇಲೆ ಸಂಸ್ಥೆಯ ಹೆಸರು, ಚಿತ್ರ ಏನೂ ಬೇಡ. ಶಾಲೆಯ ಬ್ಯಾಗಿನೊಳಗೆ ಹಿಡಿಸಬೇಕು, ಗೇಟಿನಲ್ಲಿ ಸಾಲು ನಿಲ್ಲಿಸಿ ಹಂಚಬಾರದು. ಫೋಟೊ ಕೇಳುವ ದಾನಿಗೆ ಮಕ್ಕಳ ಬದಲು ತುಂಬಿದ ಕ್ರೇಟುಗಳ ಫೋಟೊ ಕಳಿಸಿ.

ಪ್ರತಿ ಶಾಲೆಯಲ್ಲೂ ಇಬ್ಬರ ಹೆಸರು ಬರೆಸಿಕೊಳ್ಳಿ, ಒಬ್ಬರೇ ಆದರೆ ಅವರ ವರ್ಗಾವಣೆಯ ದಿನ ಕೆಲಸವೂ ನಿಲ್ಲುತ್ತೆ. ಬೀಗ ಹಾಕುವ ಕಪಾಟು ಸಿಕ್ಕರೆ ಚೀಲಗಳನ್ನು ಗುರುವಾರವೇ ತಲುಪಿಸಿ, ಶುಕ್ರವಾರ ಗಾಡಿ ಕೆಟ್ಟರೂ ಚಿಂತೆಯಿಲ್ಲ. ಕ್ರೇಟಿಗೆ ಹತ್ತು ಚೀಲ, ಅಂದರೆ 20 ಕಿಲೊ, ಅದಕ್ಕಿಂತ ಹೆಚ್ಚು ಹೊರಿಸಿದರೆ ಸ್ವಯಂಸೇವಕರು ಮುಂದಿನ ವಾರ ಬರಲ್ಲ.

ಯಾವ ಶಾಲೆ ಮೊದಲು ಅನ್ನೋದಕ್ಕೆ: ಮೂರೂ ಕಡೆ ಹತ್ತತ್ತು ಮಕ್ಕಳಿಗೆ ಹಂಚುವ ಬದಲು ಒಂದು ಶಾಲೆಯಲ್ಲಿ ಬೇಕಾದವರಿಗೆಲ್ಲ ಕೊಡಿ. ಮಿಕ್ಕ ಎರಡಕ್ಕೆ ಯಾವ ಅವಧಿಯಿಂದ ಅಂತ ತಿಂಗಳು ಹೇಳಿ, ಆಗದಿದ್ದರೆ ಆಗಲ್ಲ ಅಂತಲೇ ಹೇಳಿ. ಮೂರು, ನಾಲ್ಕು ದಿನ ರಜೆ ಬರುವ ವಾರ ಇಮ್ಮಡಿ ಚೀಲ ಬೇಕಾಗುತ್ತೆ. ಆಗ ಗುರುವಾರ ಒಂದು, ಶುಕ್ರವಾರ ಒಂದು ಕೊಡಿ. ದೀರ್ಘ ರಜೆಗೆ ಮಕ್ಕಳ ಕೈಲಿ ಹೊರಿಸದೆ ಮನೆಯ ದೊಡ್ಡವರನ್ನೇ ಕರೆಸಿ ಕೊಡಿ.